ಸ್ಯಾಲರಿ ಅಕೌಂಟ್ ಫ್ರೀಜ್ ಆಗಿದೆಯಾ? ಗಂಟು ಹಾಕಿದವರು ಯಾರು ಅಂತ ಮೊದಲು ಹುಡುಕಿ

ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಮೂರು ಸಲವಾದರೂ ಬರುತ್ತದೆ, ಅದೂ ಹೆಚ್ಚಾಗಿ ತಿಂಗಳ ಮೊದಲ ವಾರದಲ್ಲಿ. ಸಂಬಳ ಬಿತ್ತು ಅಂತ ಮೆಸೇಜ್ ಬಂದಿರುತ್ತದೆ. ಆ್ಯಪಿನಲ್ಲಿ ದುಡ್ಡು ಕಾಣುತ್ತಲೂ ಇರುತ್ತದೆ. ಆದರೆ ಯುಪಿಐ ಮಾಡಿದರೆ ಫೇಲ್, ಎಟಿಎಂಗೆ ಹೋದರೆ ಕಾರ್ಡ್ ಮಾತ್ರ ವಾಪಸ್. ಬ್ಯಾಂಕಿಗೆ ಓಡಿದರೆ ಕೌಂಟರಿನವರು ‘ಫ್ರೀಜ್ ಆಗಿದೆ ಸಾರ್’ ಅಂತ ಹೇಳಿ ಮುಂದಿನ ಟೋಕನ್ ಕರೆಯುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಟು ಹಾಕಿದವರೇ ಅದನ್ನು ಬಿಚ್ಚಬೇಕು. ಕೆವೈಸಿ ಹಳೆಯದಾಗಿದೆ ಅಂತ ಬ್ಯಾಂಕೇ ನಿಲ್ಲಿಸಿದ್ದರೆ ಬ್ಯಾಂಕೇ ತೆಗೆಯುತ್ತದೆ, ಅದು ಒಂದೆರಡು ದಿನದ ಕೆಲಸ. ಪೊಲೀಸರೋ ಕೋರ್ಟೋ ತೆರಿಗೆ ಇಲಾಖೆಯೋ ಹೇಳಿ ನಿಲ್ಲಿಸಿದ್ದರೆ, ನೀವು ಮ್ಯಾನೇಜರ್ ಮುಂದೆ ಎಷ್ಟು ಕೂಗಾಡಿದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಇದು ಗೊತ್ತಾಗದೆ ಎರಡು ಮೂರು ವಾರ ಬರೀ ಬ್ಯಾಂಕಿಗೆ ಅಲೆದವರನ್ನು ನೋಡಿದ್ದೇನೆ.

ಹೊರಡುವ ಮುಂಚೆ ಇವಿಷ್ಟು ಕೈಯಲ್ಲಿರಲಿ: ಆಧಾರ್, ಪ್ಯಾನ್, ಪಾಸ್‌ಬುಕ್ ಅಥವಾ ಕಳೆದ ಆರು ತಿಂಗಳ ಸ್ಟೇಟ್‌ಮೆಂಟ್, ಮೂರು ತಿಂಗಳ ಪೇಸ್ಲಿಪ್, ಕಂಪನಿಯ ಐಡಿ ಕಾರ್ಡ್, ಎರಡು ಫೋಟೋ. ಪ್ರತಿಯೊಂದಕ್ಕೂ ಎರಡು ಜೆರಾಕ್ಸ್. ಫೋನಿನಲ್ಲಿ ಬಂದ ಎರರ್ ಮೆಸೇಜಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ.

1. ನಿಂತಿರುವುದು ಏನು ಅಂತ ನೋಡಿ

ಎಲ್ಲವನ್ನೂ ನಾವು ‘ಫ್ರೀಜ್’ ಅಂತಲೇ ಕರೆಯುತ್ತೇವೆ, ಆದರೆ ಬ್ಯಾಂಕಿನವರ ಲೆಕ್ಕದಲ್ಲಿ ಇದರಲ್ಲಿ ಬೇರೆ ಬೇರೆ ಜಾತಿ ಇವೆ.

ಡೆಬಿಟ್ ಫ್ರೀಜ್ ಅಂದರೆ ದುಡ್ಡು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಟೋಟಲ್ ಫ್ರೀಜ್ ಅಂದರೆ ಎರಡೂ ಬಂದ್, ಸಂಬಳ ಹಾಕಿದರೂ ಕಂಪನಿಗೇ ವಾಪಸ್ ಹೋಗುತ್ತದೆ. ಲೀನ್ ಅಥವಾ ಹೋಲ್ಡ್ ಅಂದರೆ ಅಕೌಂಟ್ ನಡೆಯುತ್ತಿರುತ್ತದೆ, ಇಂತಿಷ್ಟು ಮೊತ್ತ ಮಾತ್ರ ಮುಟ್ಟುವ ಹಾಗಿಲ್ಲ. ಇನ್ನೊಂದು ಇನ್‌ಆಪರೇಟಿವ್. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಅಕೌಂಟ್ ಈ ಪಟ್ಟಿಗೆ ಸೇರುತ್ತದೆ. ಹಳೆ ಕಂಪನಿಯ ಸ್ಯಾಲರಿ ಅಕೌಂಟನ್ನು ಮರೆತುಬಿಟ್ಟವರಿಗೆ ಇದು ಆಗುವುದು ಸಾಮಾನ್ಯ.

ಆ್ಯಪ್ ತೆರೆದು ಎರಡು ಅಂಕಿ ಹೋಲಿಸಿ: ಒಟ್ಟು ಬ್ಯಾಲೆನ್ಸ್ ಮತ್ತು ಬಳಸಬಹುದಾದ ಬ್ಯಾಲೆನ್ಸ್. ಒಟ್ಟು 41,300 ಇದ್ದು ಬಳಸಬಹುದಾದದ್ದು 32,800 ಅಂತ ತೋರಿಸಿದರೆ 8,500ಕ್ಕೆ ಲೀನ್ ಬಿದ್ದಿದೆ ಅಂತ ಅರ್ಥ. ಇಂಥ ನಿರ್ದಿಷ್ಟ ಮೊತ್ತ ಕಂಡರೆ ಅದೇ ಒಂದು ಸುಳಿವು. ಅಷ್ಟೇ ಮೊತ್ತ ಯಾವತ್ತು, ಯಾರಿಂದ ಬಂದಿತ್ತು ಅಂತ ಸ್ಟೇಟ್‌ಮೆಂಟಿನಲ್ಲಿ ಹುಡುಕಿ.

2. ಯಾರು ಹೇಳಿದ್ದು ಅಂತ ಬರಹದಲ್ಲಿ ಕೇಳಿ

ಫೋನಿನಲ್ಲಿ ಕೇಳಿದರೆ ‘ಮೇಲಿನಿಂದ ಬಂದಿದೆ’ ಅನ್ನುತ್ತಾರೆ. ಯಾವ ಮೇಲಿನಿಂದ? ಅದಕ್ಕೇ ಬಾಯಿಮಾತು ಬೇಡ. ಬ್ಯಾಂಕಿನ ಅಧಿಕೃತ ಇಮೇಲಿಗೆ ನಿಮ್ಮ ನೋಂದಾಯಿತ ಇಮೇಲಿನಿಂದ ಬರೆಯಿರಿ, ಅದನ್ನೇ ಪ್ರಿಂಟ್ ತೆಗೆದು ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬರೆಯಬೇಕಾದದ್ದು ಇಷ್ಟೇ:

‘ನನ್ನ ಖಾತೆ ಸಂಖ್ಯೆ ಕೊನೆಯ ನಾಲ್ಕು ಅಂಕಿ ಇಂತಿಂಥದ್ದು. ಇದು ಸಂಬಳದ ಖಾತೆ. ಇಂಥ ತಾರೀಖಿನಿಂದ ಹಣ ತೆಗೆಯಲು ಆಗುತ್ತಿಲ್ಲ. ದಯವಿಟ್ಟು ತಿಳಿಸಿ: ಯಾವ ರೀತಿಯ ನಿರ್ಬಂಧ ಹಾಕಲಾಗಿದೆ, ಯಾವ ದಿನ, ಎಷ್ಟು ಮೊತ್ತಕ್ಕೆ, ಯಾರ ಆದೇಶದ ಮೇಲೆ. ಹೊರಗಿನ ಆದೇಶವಾಗಿದ್ದರೆ ಪತ್ರದ ಸಂಖ್ಯೆ, ದೂರು ಸಂಖ್ಯೆ, ಪೊಲೀಸ್ ಠಾಣೆ ಅಥವಾ ಕಚೇರಿಯ ಹೆಸರು, ಅಧಿಕಾರಿಯ ಇಮೇಲ್ ಕೊಡಿ. ಆದೇಶದ ಪ್ರತಿ ಕೊಡಿ. ಈ ಪತ್ರವನ್ನು ದೂರು ಎಂದು ನೋಂದಾಯಿಸಿ ಸಂಖ್ಯೆ ನೀಡಿ.’

ಕೊನೆಯ ಸಾಲು ಬಿಡಬೇಡಿ. ದೂರು ಸಂಖ್ಯೆ ಇಲ್ಲದಿದ್ದರೆ ಆರ್‌ಬಿಐ ಹತ್ತಿರ ಹೋಗುವ ಹೊತ್ತಿಗೆ ಬ್ಯಾಂಕಿನ ಉತ್ತರಕ್ಕೆ ಕಾಯಬೇಕಾದ 30 ದಿನದ ಲೆಕ್ಕ ಶುರುವಾಗಿದ್ದು ಯಾವಾಗ ಅಂತ ತೋರಿಸಲು ಏನೂ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಪ್ಪಕ್ಷರದಲ್ಲಿ ಓದಿಕೊಳ್ಳಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಡೆಬಿಟ್ ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರಿಗೇ ಮಾಡಿ. ಫ್ರೀಜ್ ಆದವರನ್ನೇ ಕಾಯುವ ಕಳ್ಳರಿದ್ದಾರೆ. ‘ಅನ್‌ಫ್ರೀಜ್ ಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿ, ಓಟಿಪಿ ಹೇಳಿ’ ಅಂದರೆ ಫೋನ್ ಇಟ್ಟುಬಿಡಿ. ‘ನಿಮ್ಮ ಅಕೌಂಟ್ ಇವತ್ತು ಬಂದ್ ಆಗುತ್ತೆ, ಲಿಂಕ್ ಒತ್ತಿ ಕೆವೈಸಿ ಮಾಡಿ’ ಅಂತ ಮೆಸೇಜ್ ಬಂದಿದ್ದರೆ, ಬಹುಶಃ ನಿಮ್ಮ ಅಕೌಂಟ್ ಚೆನ್ನಾಗಿಯೇ ಇದೆ.

3. ಅದೇ ದಿನ: ಮುಂದಿನ ಸಂಬಳ, ಇಎಂಐ

ಜನ ಇದನ್ನು ಮರೆಯುತ್ತಾರೆ. ಫ್ರೀಜ್ ಬಿಡಿಸುವ ಗಡಿಬಿಡಿಯಲ್ಲಿ ಮುಂದಿನ ತಿಂಗಳ ಸಂಬಳವೂ ಅದೇ ಅಕೌಂಟಿಗೆ ಬಿದ್ದು ಅದೂ ಸಿಕ್ಕಿಕೊಳ್ಳುತ್ತದೆ.

ಎಚ್‌ಆರ್ ಅಥವಾ ಪೇರೋಲ್ ನೋಡುವವರಿಗೆ ಇವತ್ತೇ ಮೇಲ್ ಹಾಕಿ. ಬ್ಯಾಂಕ್ ವಿವರ ಬದಲಿಸಲು ಪ್ರತಿ ಕಂಪನಿಯಲ್ಲೂ ತಿಂಗಳಲ್ಲಿ ಒಂದು ಕೊನೆಯ ತಾರೀಖು ಇರುತ್ತದೆ, ಅದು ದಾಟಿದರೆ ಮುಂದಿನ ತಿಂಗಳೇ. ನಿಮ್ಮದೇ ಹೆಸರಿನ ಬೇರೆ ಬ್ಯಾಂಕಿನ ಅಕೌಂಟ್ ಕೊಡಿ, ಜೊತೆಗೆ ಕ್ಯಾನ್ಸಲ್ ಮಾಡಿದ ಚೆಕ್. ಅಣ್ಣನದೋ ಹೆಂಡತಿಯದೋ ಅಕೌಂಟ್ ಕೊಡಬೇಡಿ. ಕಂಪನಿ ಒಪ್ಪುವುದೂ ಕಷ್ಟ, ಮೇಲಾಗಿ ಪೊಲೀಸ್ ಕೇಸಿನ ಫ್ರೀಜ್ ಆಗಿದ್ದರೆ ದುಡ್ಡು ಅಡಗಿಸುತ್ತಿದ್ದಾರೆ ಅನ್ನಿಸುತ್ತದೆ. ಹೇಳಲು ಮುಜುಗರ ಆಗುತ್ತೆ, ಗೊತ್ತು. ‘ಬ್ಯಾಂಕಿನಲ್ಲಿ ತಾಂತ್ರಿಕ ತೊಂದರೆ’ ಅಂತ ಸುಳ್ಳು ಹೇಳುವುದಕ್ಕಿಂತ ‘ಖಾತೆಗೆ ನಿರ್ಬಂಧ ಬಿದ್ದಿದೆ, ಕಾರಣ ಕೇಳಿ ಬರೆದಿದ್ದೇನೆ’ ಅಂತ ಇದ್ದದ್ದನ್ನು ಒಂದು ಸಾಲು ಬರೆದರೆ ಸಾಕು. ಆಮೇಲೆ ಅವರಿಂದಲೇ ‘ಇದು ಸಂಬಳದ ಹಣ’ ಅನ್ನುವ ಪತ್ರ ಬೇಕಾಗುತ್ತದೆ.

ಇಎಂಐ ಇದ್ದರೆ ಸಾಲ ಕೊಟ್ಟವರಿಗೆ ತಾರೀಖಿಗೆ ಮುಂಚೆಯೇ ಹೇಳಿ, ಬೇರೆ ದಾರಿಯಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಮ್ಯಾಂಡೇಟ್, ಅಂದರೆ ಪ್ರತಿ ತಿಂಗಳು ತಾನಾಗಿ ಕಡಿತವಾಗಲು ನೀವು ಕೊಟ್ಟ ಒಪ್ಪಿಗೆ, ಬೌನ್ಸ್ ಆದರೆ ಎರಡೂ ಕಡೆ ದಂಡ ಬೀಳಬಹುದು, ಕ್ರೆಡಿಟ್ ಸ್ಕೋರಿಗೂ ಪೆಟ್ಟು. ಅಕೌಂಟ್ ಫ್ರೀಜ್ ಆಗಿತ್ತು ಅನ್ನುವ ಕಾರಣ ಸ್ಕೋರ್ ಲೆಕ್ಕ ಹಾಕುವ ಕಂಪ್ಯೂಟರಿಗೆ ಕಾಣುವುದಿಲ್ಲ. ಯಾರಿಗಾದರೂ ಚೆಕ್ ಕೊಟ್ಟಿದ್ದರೆ ಅವರಿಗೂ ಫೋನ್ ಮಾಡಿ, ಬ್ಯಾಂಕಿಗೆ ಹಾಕಬೇಡಿ ಅನ್ನಿ. ಎಸ್‌ಐಪಿ, ವಿಮೆ ಕಂತು, ಕರೆಂಟ್ ಬಿಲ್ಲು ಇವನ್ನೂ ಒಮ್ಮೆ ನೋಡಿಕೊಳ್ಳಿ.

4. ಕಾರಣ ಗೊತ್ತಾದ ಮೇಲೆ

*ಕೆವೈಸಿ.* ಇದು ಎಲ್ಲಕ್ಕಿಂತ ಸುಲಭದ್ದು. ಕೆವೈಸಿ ಅಂದರೆ ನೀವು ಯಾರು, ಎಲ್ಲಿದ್ದೀರಿ ಅಂತ ಬ್ಯಾಂಕ್ ಇಟ್ಟುಕೊಳ್ಳುವ ದಾಖಲೆ. ಅದನ್ನು ಆಗಾಗ ಹೊಸದು ಮಾಡಬೇಕು ಅಂತ ಆರ್‌ಬಿಐ ನಿಯಮ. ಹೆಚ್ಚು ಅಪಾಯದ ಗ್ರಾಹಕ ಅಂತ ಬ್ಯಾಂಕ್ ಗುರುತಿಸಿದವರಿಗೆ 2 ವರ್ಷಕ್ಕೊಮ್ಮೆ, ಮಧ್ಯಮಕ್ಕೆ 8, ಕಡಿಮೆ ಅಪಾಯದವರಿಗೆ 10 ವರ್ಷಕ್ಕೊಮ್ಮೆ. ಸಂಬಳದವರು ಸಾಮಾನ್ಯವಾಗಿ ಕೊನೆಯ ಗುಂಪಿನಲ್ಲೇ ಇರುತ್ತಾರೆ. ಏನೂ ಬದಲಾಗಿಲ್ಲ ಅಂದರೆ ‘ಬದಲಾವಣೆ ಇಲ್ಲ’ ಅಂತ ಸ್ವಂತ ಘೋಷಣೆ ಕೊಟ್ಟರೆ ಸಾಕು, ನೋಂದಾಯಿತ ಇಮೇಲ್, ಮೊಬೈಲ್, ನೆಟ್‌ಬ್ಯಾಂಕಿಂಗ್ ಮೂಲಕವೂ ಕೊಡಬಹುದು. ವಿಳಾಸ ಬದಲಾಗಿದ್ದರೆ ಅದಕ್ಕೆ ಬ್ಯಾಂಕ್ ದಾಖಲೆ ಕೇಳಬಹುದು. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಇನ್ನೊಂದು ಥರ ಇದ್ದರೆ ಮಾತ್ರ ಕೆಲಸ ಎಳೆಯುತ್ತದೆ. ತಂದೆಯ ಹೆಸರು, ಇನಿಶಿಯಲ್ ಇವುಗಳಲ್ಲೇ ನಮ್ಮ ಕಡೆ ಎಲ್ಲರಿಗೂ ತೊಂದರೆ ಅಲ್ವಾ? ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಬ್ಯಾಂಕಿಗೆ ಹೋಗಿ.

*ಇನ್‌ಆಪರೇಟಿವ್.* ಕೆವೈಸಿ ಕೊಟ್ಟು, ಚಾಲು ಮಾಡಿ ಅಂತ ಕೇಳಿ. ಅದು ನಿಮ್ಮ ಮೂಲ ಶಾಖೆಯಲ್ಲೇ ಆಗಬೇಕು ಅಂತಿಲ್ಲ, ಆ ಬ್ಯಾಂಕಿನ ಯಾವ ಶಾಖೆಯಾದರೂ ಆದೀತು. ಏಪ್ರಿಲ್ 1, 2024ರಿಂದ ಜಾರಿಗೆ ಬಂದ ಆರ್‌ಬಿಐ ಸೂಚನೆ ಪ್ರಕಾರ ಇದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕುವಂತೆಯೂ ಇಲ್ಲ.

*ಅದೇ ಬ್ಯಾಂಕಿನ ಸಾಲ ಬಾಕಿ.* ನಿಮ್ಮ ಸಂಬಳ ಬರುವ ಬ್ಯಾಂಕಿನಲ್ಲೇ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ, ಅವರು ಲೀನ್ ಹಾಕಿ ಬಾಕಿಗೆ ಹೊಂದಿಸಿಕೊಳ್ಳಲು ನೋಡುತ್ತಾರೆ. ಶಾಖೆಯವರ ಹತ್ತಿರ ಅಲ್ಲ, ಸಾಲ ವಸೂಲಿ ವಿಭಾಗದವರ ಹತ್ತಿರ ಕೂತು ಕಂತಿನ ಮಾತಾಡಿ, ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬೇರೆ ಕಂಪನಿಯ ವಸೂಲಿ ಏಜೆಂಟ್ ಫೋನ್ ಮಾಡಿ ‘ಸಂಜೆಯೊಳಗೆ ನಿನ್ನ ಅಕೌಂಟ್ ಫ್ರೀಜ್ ಮಾಡಿಸ್ತೀನಿ’ ಅಂದರೆ ಅದು ಬರೀ ಬೆದರಿಕೆ. ಅವನಿಗೆ ಆ ಅಧಿಕಾರ ಇಲ್ಲ, ಕೋರ್ಟಿನ ಆದೇಶ ಬೇಕು.

*ತೆರಿಗೆ, ಕೋರ್ಟು.* ಆದಾಯ ತೆರಿಗೆ ಬಾಕಿಗೆ ಜಪ್ತಿಯಾಗಿದ್ದರೆ ಇ-ಫೈಲಿಂಗ್ ಪೋರ್ಟಲಿನಲ್ಲಿ ಲಾಗಿನ್ ಆಗಿ ಬಾಕಿ ಬೇಡಿಕೆ ನೋಡಿ. ಎಷ್ಟೋ ಸಲ ಹಳೇ ನೋಟಿಸು ಹಳೇ ಇಮೇಲಿಗೆ ಹೋಗಿ ಬಿದ್ದಿರುತ್ತದೆ. ಕಟ್ಟಿ ಅಥವಾ ತಕರಾರು ಹಾಕಿ, ಆ ಅಧಿಕಾರಿಯಿಂದಲೇ ಬ್ಯಾಂಕಿಗೆ ಬಿಡುಗಡೆ ಪತ್ರ ಹೋಗಬೇಕು. ಕೋರ್ಟ್ ಡಿಕ್ರಿ, ಅಂದರೆ ಸಿವಿಲ್ ಕೇಸಿನ ತೀರ್ಪಿನ ಆದೇಶ, ಆಗಿದ್ದರೆ ವಕೀಲರಿಲ್ಲದೆ ಆಗುವುದಿಲ್ಲ. ಇಷ್ಟು ಗೊತ್ತಿರಲಿ: ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸಾಲದ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ. ಜೀವನಾಂಶದ ಆದೇಶವಾದರೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ. ಇದು ಕಂಪನಿ ಸಂಬಳ ಕೊಡುವ ಹಂತದ ಲೆಕ್ಕ. ಬ್ಯಾಂಕಿಗೆ ಬಿದ್ದ ಮೇಲೆ ‘ಇದು ಸಂಬಳವೇ’ ಅಂತ ವಾದ ಮಾಡಬೇಕಾಗುತ್ತದೆ, ಪೇಸ್ಲಿಪ್ ಇಟ್ಟುಕೊಳ್ಳಿ ಅಂದಿದ್ದು ಅದಕ್ಕೇ.

5. ಸೈಬರ್ ಪೊಲೀಸರು ನಿಲ್ಲಿಸಿದ್ದರೆ

ಈಗ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೀಗಾಗುತ್ತದೆ. ಎಲ್ಲೋ ಒಬ್ಬರಿಗೆ ಆನ್‌ಲೈನ್ ಮೋಸವಾಗಿ 1930ಕ್ಕೆ ಫೋನ್ ಮಾಡುತ್ತಾರೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕುತ್ತಾರೆ. ಅವರ ದುಡ್ಡು ಯಾವ್ಯಾವ ಅಕೌಂಟಿಗೆ ಹೋಯಿತು ಅಂತ ಜಾಡು ಹಿಡಿಯುತ್ತಾರೆ. ಮೊದಲು ಹೋದ ಅಕೌಂಟ್ ಒಂದನೇ ಲೇಯರ್, ಅಲ್ಲಿಂದ ಹೋದದ್ದು ಎರಡನೇದು, ಹೀಗೆ. ನೀವು ಮೂರನೇ ನಾಲ್ಕನೇ ಲೇಯರಿನಲ್ಲಿ ಇರಬಹುದು. ಮೋಸಗಾರನ ಮುಖವನ್ನೇ ನೋಡಿರುವುದಿಲ್ಲ, ಅವನ ದುಡ್ಡಿನ ಒಂದು ಚೂರು ನಿಮ್ಮಲ್ಲಿಗೆ ಬಂದಿರುತ್ತದೆ, ಅಷ್ಟೇ.

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಹಳೇ ಫೋನನ್ನು 8,500ಕ್ಕೆ ಮಾರಿದ್ದ. ಕೊಂಡವನು ಎದುರಿಗೇ ನಿಂತು ಯುಪಿಐ ಮಾಡಿದ್ದ. ಎರಡು ತಿಂಗಳ ಮೇಲೆ ಇವನ ಅಕೌಂಟ್ ಪೂರ್ತಿ ಬಂದ್, ಬೇರೆ ರಾಜ್ಯದ ಠಾಣೆಯಿಂದ ನೋಟಿಸ್. ಅವನನ್ನು ಉಳಿಸಿದ್ದು ಫೋನಿನ ಡಬ್ಬ. ಐಎಂಇಐ ನಂಬರಿದ್ದ ಡಬ್ಬ, ಕೊಂಡಾಗಿನ ಬಿಲ್ಲು, ವ್ಯಾಪಾರ ಕುದುರಿಸಿದ ವಾಟ್ಸ್‌ಆ್ಯಪ್ ಚಾಟು, ಈ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸಿದ. ಮೂರು ವಾರದಲ್ಲಿ ಬಿಡುಗಡೆಯಾಯಿತು. ಹಳೇ ಸಾಮಾನು ಮಾರಾಟ, ಕ್ರಿಪ್ಟೋ ಪಿಟುಪಿ (ಜನ ಜನರ ನಡುವೆ ನೇರ ಮಾರಾಟ), ಆನ್‌ಲೈನ್ ಗೇಮಿನ ಗೆಲುವು, ಗುರುತಿಲ್ಲದವರಿಗೆ ‘ನಗದು ಕೊಡ್ತೀನಿ, ನನಗೆ ಯುಪಿಐ ಮಾಡಿ’ ಅನ್ನುವ ಸಹಾಯ, ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಇಲ್ಲೇ.

ಈಗ ಮಾಡಬೇಕಾದದ್ದು.

ಬ್ಯಾಂಕಿನಿಂದ ದೂರಿನ ಸಂಖ್ಯೆ, ಠಾಣೆ, ತನಿಖಾಧಿಕಾರಿಯ ಇಮೇಲ್ ತೆಗೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ದೂರುಗಳಿದ್ದರೆ ಎಲ್ಲವನ್ನೂ ಕೇಳಿ. ಒಂದು ಠಾಣೆಯಿಂದ ಬಿಡುಗಡೆ ಬಂದು ಇನ್ನೊಂದರದ್ದು ಬಾಕಿ ಉಳಿದು ಒದ್ದಾಡಿದವರಿದ್ದಾರೆ.

ಆಮೇಲೆ ತನಿಖಾಧಿಕಾರಿಗೆ ಇಮೇಲ್ ಬರೆಯಿರಿ, ಬ್ಯಾಂಕಿಗೂ ಪ್ರತಿ ಹಾಕಿ. ಆ ಮೊತ್ತ ಯಾವ ದಿನ, ಎಷ್ಟು ಗಂಟೆಗೆ, ಯುಟಿಆರ್ ಎಷ್ಟು, ಯಾಕೆ ಬಂತು ಅಂತ ನಾಲ್ಕು ಸಾಲು. ಯುಟಿಆರ್ ಅಂದರೆ ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ, ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ಜೊತೆಗೆ ಸ್ಟೇಟ್‌ಮೆಂಟ್, ಬಿಲ್ಲು, ಚಾಟು, ಗುರುತಿನ ಚೀಟಿ, ಪೇಸ್ಲಿಪ್, ಕಂಪನಿಯ ಪತ್ರ. ಕೊನೆಗೆ ಎರಡು ಬೇಡಿಕೆ ಬೇರೆ ಬೇರೆಯಾಗಿ ಇಡಿ: ಒಂದು, ಫ್ರೀಜ್ ತೆಗೆಯಿರಿ. ಎರಡು, ಅದು ಈಗಲೇ ಆಗದಿದ್ದರೆ ವಿವಾದದ ಮೊತ್ತಕ್ಕೆ ಮಾತ್ರ ಲೀನ್ ಇಟ್ಟು ಉಳಿದ ಅಕೌಂಟ್ ಬಿಡಿ. ಎರಡನೆಯದು ಬೇಗ ಆಗುತ್ತದೆ, ನಿಮಗೆ ತುರ್ತಾಗಿ ಬೇಕಾಗಿರುವುದೂ ಅದೇ. 8,500ಕ್ಕಾಗಿ ಇಡೀ ಸಂಬಳ ಹಿಡಿದಿಡುವುದು ಸರಿಯಲ್ಲ ಅನ್ನುವುದು ನನ್ನೊಬ್ಬನ ಮಾತಲ್ಲ, 2023ರಲ್ಲಿ ಕೇರಳ ಹೈಕೋರ್ಟ್ ಇಂಥ ಪ್ರಕರಣಗಳಲ್ಲಿ ಫ್ರೀಜನ್ನು ದೂರಿನಲ್ಲಿ ಹೇಳಿದ ಮೊತ್ತಕ್ಕೆ ಸೀಮಿತ ಮಾಡಿ ಅಂತ ಬ್ಯಾಂಕುಗಳಿಗೆ ಹೇಳಿದೆ.

ಬೇರೆ ರಾಜ್ಯದ ಠಾಣೆ ಅಂತ ಮೊದಲ ದಿನವೇ ರೈಲು ಹತ್ತಬೇಡಿ. ಮೊದಲು ಇಮೇಲ್, ಉತ್ತರ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್, ಆಮೇಲೆ ಆ ಜಿಲ್ಲೆಯ ಎಸ್‌ಪಿ ಕಚೇರಿಗೆ ಪ್ರತಿ. ವಿಚಾರಣೆಗೆ ಬರಲು ನೋಟಿಸ್ ಬಂದಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ವಕೀಲರ ಮೂಲಕವಾದರೂ ಉತ್ತರ ಕೊಡಿ. ನೋಟಿಸ್ ನಿಜವೋ ಅಂತ ಅನುಮಾನ ಇದ್ದರೆ ನಿಮ್ಮ ಜಿಲ್ಲೆಯ ಸೆನ್ ಠಾಣೆಯಲ್ಲಿ, ಅಂದರೆ ಸೈಬರ್ ಅಪರಾಧ ನೋಡುವ ಠಾಣೆಯಲ್ಲಿ, ತೋರಿಸಿ. ವಿಡಿಯೋ ಕಾಲಿನಲ್ಲಿ ಸಮವಸ್ತ್ರ ಹಾಕಿಕೊಂಡು ಬಂದು ‘ಡಿಜಿಟಲ್ ಅರೆಸ್ಟ್’ ಅನ್ನುವವರು ಪೊಲೀಸರಲ್ಲ. ಅಂಥದ್ದೊಂದು ಕಾನೂನಿನಲ್ಲಿ ಇಲ್ಲವೇ ಇಲ್ಲ.

ಪೊಲೀಸರಿಂದ ಕೆಲಸ ಆಗಲಿಲ್ಲ ಅಂದರೆ ಕೋರ್ಟಿನ ದಾರಿ ಇದೆ. ಜುಲೈ 1, 2024ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಆಸ್ತಿ ವಶಪಡಿಸಿಕೊಳ್ಳಲು ಪೊಲೀಸರಿಗೆ ಅಧಿಕಾರ ಕೊಡುವ ಹಳೇ 102ನೇ ಕಲಂ ಈಗ 106. ಇದರಡಿ ವಶಪಡಿಸಿಕೊಂಡರೆ ಪೊಲೀಸರು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕು. ಕೊಟ್ಟಿದ್ದಾರಾ ಅಂತ ಇಮೇಲಿನಲ್ಲೇ ಕೇಳಿ, ಎಷ್ಟೋ ಸಲ ಈ ಒಂದು ಪ್ರಶ್ನೆಗೇ ಕಡತ ಅಲುಗಾಡುತ್ತದೆ. ಬಿಡುಗಡೆಗೆ ಆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 503ನೇ ಕಲಂ ಅಡಿ ಅರ್ಜಿ ಹಾಕಬಹುದು, ಹಳೇ ವಕೀಲರು ಇದನ್ನು ಈಗಲೂ 457 ಅನ್ನುತ್ತಾರೆ. ಅದೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ವಕೀಲರ ಫೀಸು ಕೊಡಲು ಆಗದವರು 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಇದೆ.

ಇಲ್ಲಿ ಜನ ಎಡವುವ ಜಾಗ ಎರಡು. ಮೊದಲನೆಯದು, ‘ದೂರು ಕೊಟ್ಟವರಿಗೆ ನೀವೇ ದುಡ್ಡು ಹಾಕಿಬಿಡಿ, ಮುಗಿಯುತ್ತೆ’ ಅನ್ನುವ ಸಲಹೆ. ಯಾರೋ ಫೋನಿನಲ್ಲಿ ಹೇಳಿದ ನಂಬರಿಗೆ ಹಾಕಬೇಡಿ. ಹಾಗೆ ಹಾಕಿದರೂ ಫ್ರೀಜ್ ಹೋಗುವುದಿಲ್ಲ, ದುಡ್ಡೂ ಹೋಗುತ್ತದೆ. ಹಣ ಹಿಂದಿರುಗಿಸುವ ಮಾತು ಬಂದರೆ ತನಿಖಾಧಿಕಾರಿ ಅದನ್ನು ಬರಹದಲ್ಲಿ ಹೇಳಲಿ. ಎರಡನೆಯದು, ‘ಇಷ್ಟು ಪರ್ಸೆಂಟ್ ಕೊಡಿ, ಎನ್‌ಒಸಿ ತರಿಸಿಕೊಡ್ತೀನಿ’ ಅನ್ನುವ ಮಧ್ಯವರ್ತಿ. ಎನ್‌ಒಸಿ ಅಂದರೆ ಫ್ರೀಜ್ ತೆಗೆಯಲು ನಮ್ಮ ಅಡ್ಡಿ ಇಲ್ಲ ಅನ್ನುವ ಪೊಲೀಸರ ಪತ್ರ. ಅದು ಠಾಣೆಯ ಅಧಿಕೃತ ಇಮೇಲಿನಿಂದ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಕೈಗೆ ಕೊಟ್ಟ ಪ್ರಿಂಟನ್ನು ಬ್ಯಾಂಕ್ ನಂಬುವುದಿಲ್ಲ, ನಂಬಬಾರದು ಕೂಡ.

ಇನ್ನು, ಕಮಿಷನ್ ಆಸೆಗೆ ನಿಮ್ಮ ಅಕೌಂಟನ್ನೋ ಎಟಿಎಂ ಕಾರ್ಡನ್ನೋ ಯಾರಿಗಾದರೂ ಬಳಸಲು ಕೊಟ್ಟಿದ್ದರೆ ಈ ಲೇಖನ ನಿಮಗಲ್ಲ. ಯಾರಿಗೂ ಇಮೇಲ್ ಬರೆಯುವ ಮುಂಚೆ ವಕೀಲರನ್ನು ನೋಡಿ.

6. ಬ್ಯಾಂಕ್ ಉತ್ತರವನ್ನೇ ಕೊಡದಿದ್ದರೆ

ಶಾಖೆ, ಆಮೇಲೆ ದೂರು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿ. ಹೆಸರು, ಇಮೇಲ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇರುತ್ತದೆ. ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಉತ್ತರ ಸಮಾಧಾನ ಆಗಲಿಲ್ಲ ಅಂದರೆ ಆರ್‌ಬಿಐ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ. ಆರ್‌ಬಿಐನ ಸಿಎಂಎಸ್ ಪೋರ್ಟಲಿನಲ್ಲಿ ದೂರು ಹಾಕಬಹುದು, ಶುಲ್ಕ ಇಲ್ಲ, ವಕೀಲರೂ ಬೇಡ. ವಿವರಕ್ಕೆ 14448.

ಆದರೆ ಒಂದು ಸೂಕ್ಷ್ಮ ಇದೆ. ಪೊಲೀಸ್ ಅಥವಾ ಇಲಾಖೆಯ ಆದೇಶದಂತೆ ಬ್ಯಾಂಕ್ ಫ್ರೀಜ್ ಮಾಡಿದ್ದರೆ, ಆ ಫ್ರೀಜ್ ತಪ್ಪು ಅನ್ನುವ ದೂರನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ದೂರಿನ ಮಾತು ಬದಲಿಸಿ. ‘ಯಾರ ಆದೇಶ ಅಂತ ಕೇಳಿದರೂ ಹೇಳಲಿಲ್ಲ’, ‘8,500ಕ್ಕೆ ಲೀನ್ ಹಾಕಿ ಅಂತ ಪತ್ರದಲ್ಲಿದ್ದರೂ ಇಡೀ ಅಕೌಂಟ್ ನಿಲ್ಲಿಸಿದರು’, ‘ಬಿಡುಗಡೆ ಪತ್ರ ಬಂದು ಹತ್ತು ದಿನವಾದರೂ ತೆಗೆದಿಲ್ಲ’, ಇವು ಬ್ಯಾಂಕಿನದೇ ಸೇವಾ ಲೋಪ, ಇವನ್ನು ಕೇಳಬಹುದು.

7. ಬಿಡುಗಡೆಯಾದ ದಿನ

‘ಆಯ್ತು ಸಾರ್’ ಅಂದ ಕೂಡಲೇ ನಂಬಿ ಬರಬೇಡಿ. ಶಾಖೆಯಲ್ಲಿ ನಿಂತೇ ನೂರು ರೂಪಾಯಿ ಬೇರೆ ಅಕೌಂಟಿಗೆ ಕಳಿಸಿ ನೋಡಿ. ಡೆಬಿಟ್ ಫ್ರೀಜ್ ತೆಗೆದು ಲೀನ್ ಹಾಗೇ ಬಿಟ್ಟಿರುವುದುಂಟು, ಆ ಎರಡು ಅಂಕಿಗಳನ್ನು ಮತ್ತೆ ಹೋಲಿಸಿ. ಯುಪಿಐ ಆ್ಯಪಿನಲ್ಲಿ ಅಕೌಂಟನ್ನು ತೆಗೆದು ಮತ್ತೆ ಸೇರಿಸಬೇಕಾಗಬಹುದು. ರದ್ದಾದ ಮ್ಯಾಂಡೇಟುಗಳನ್ನು ಒಂದೊಂದಾಗಿ ಮತ್ತೆ ಮಾಡಿಸಿ. ಬ್ಯಾಂಕಿನ ತಪ್ಪಿನಿಂದಲೇ ಬೌನ್ಸ್ ದಂಡ ಬಿದ್ದಿದ್ದರೆ ವಾಪಸ್ ಕೇಳಿ, ಅದೇ ದೂರು ಸಂಖ್ಯೆ ಹಾಕಿ ಬರೆಯಿರಿ.

ಬಿಡುಗಡೆ ಪತ್ರದ ಒಂದು ಪ್ರತಿ ಇಮೇಲಿನಲ್ಲೂ ಇರಲಿ, ಕಾಗದದಲ್ಲೂ ಇರಲಿ. ಅದೇ ದೂರು ಸಂಖ್ಯೆಯ ಮೇಲೆ ನಿಮ್ಮ ಇನ್ನೊಂದು ಬ್ಯಾಂಕಿನ ಅಕೌಂಟಿಗೂ ನೋಟಿಸ್ ಹೋಗಿದ್ದರೆ, ಅದು ಗೊತ್ತಾಗುವುದು ಮತ್ತೊಂದು ತಿಂಗಳ ಒಂದನೇ ತಾರೀಖೇ. ಆಗ ಮೊದಲು ತೋರಿಸಬೇಕಾದ ಕಾಗದ ಅದೇ.